ಹಾಲಿನ ಬಾಟಲಿಗೆ ಅಂಟಿಸಿದ ಹೆಸರು

ಬೀದರ್‌ನಲ್ಲಿ ಹುಟ್ಟಿ ಬೆಳೆದವರಿಗೆ ಮುಸ್ಲಿಮರು ಹೊಸಬರಲ್ಲ. ಅಜಾನ್ ಕೇಳುತ್ತಲೇ ಎದ್ದವರು ನಾವು. ಬಜಾರಿನಲ್ಲಿ ಅರ್ಧ ಕನ್ನಡ, ಅರ್ಧ ಉರ್ದುವಿನಲ್ಲಿ ಚೌಕಾಶಿ ಮಾಡಿದವರು. ನೆಂಟರು ಬಂದರೆ ಮಹಮೂದ್ ಗಾವಾನ್ ಮದರಸಾಕ್ಕೆ ಕರೆದುಕೊಂಡು ಹೋಗಿ, '1472ರಲ್ಲಿ ಕಟ್ಟಿದ್ದು, ಆ ನೀಲಿ ಹೆಂಚು ನೋಡ್ರಿ' ಎಂದು ಗೈಡ್‌ಗಳ ಹಾಗೆ ಹೇಳುತ್ತೇವೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಅಲ್ಲಮಪ್ರಭು ಎಂದು ಕೈ ಮುಗಿಯುವವರನ್ನೂ ನೋಡಿದ್ದೇವೆ. ಇಷ್ಟೆಲ್ಲ ಇದ್ದರೂ ಇಸ್ಲಾಂ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ ನಾನು ಐದು ಹೊತ್ತು ನಮಾಜು, ರಂಜಾನ್ ಉಪವಾಸ, ಮೆಕ್ಕಾ ಅಂತ ಹೇಳಿ ನಿಲ್ಲಿಸುತ್ತಿದ್ದೆ. ನಾನು ಮೆಥೋಡಿಸ್ಟ್ ಮನೆಯವಳು. ಮಂಗಲಪೇಟೆಯ ಸಂಡೇ ಸ್ಕೂಲಿನಲ್ಲಿ ಬೈಬಲ್ ಕಥೆ ಕೇಳಿ ಬೆಳೆದವಳು. ಪಕ್ಕದ ಮನೆಯವರ ನಂಬಿಕೆ ನಮಗೆ ಹಬ್ಬದ ದಿನ ಬರುವ ಶೀರ್ ಕುರ್ಮಾದಷ್ಟೇ ಗೊತ್ತಿತ್ತು.

ಗೊತ್ತಾಗಿದ್ದು ಕೆಲಸದ ಜಾಗದಲ್ಲಿ. ಊರಿನ ಒಂದು ಸಣ್ಣ ಡೇ ಕೇರ್‌ನಲ್ಲಿ ನಾನು ಕೆಲಸ ಮಾಡುತ್ತೇನೆ. ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನವರು, ಟೀಚರುಗಳು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಆರು ತಿಂಗಳ ಕೂಸಿನಿಂದ ಹಿಡಿದು ಸ್ಕೂಲಿಗೆ ಹೋಗುವ ಮುಂಚಿನ ವಯಸ್ಸಿನವರೆಗೂ ಮಕ್ಕಳಿದ್ದಾರೆ. ನನ್ನ ಜೊತೆ ಇನ್ನಿಬ್ಬರು, ಇಬ್ಬರೂ ಮುಸ್ಲಿಮರು. ಒಬ್ಬರು ನನಗಿಂತ ಸ್ವಲ್ಪ ದೊಡ್ಡವರು, ಅವರನ್ನು ಆಪಾ ಎನ್ನುತ್ತೇವೆ. ಇನ್ನೊಬ್ಬರು ಮೊಮ್ಮಕ್ಕಳನ್ನು ಕಂಡವರು, ಖಾಲಾ. ಆಪಾ ಓದಿಕೊಂಡವರು, ಕುರಾನಿನ ಅರ್ಥವನ್ನು ಉರ್ದುವಿನಲ್ಲಿ ಓದಿ ಗುರುತು ಹಾಕಿಕೊಂಡವರು. ಖಾಲಾ ಅಕ್ಷರ ಕಲಿತವರಲ್ಲ. ಆದರೆ ವರ್ಷಕ್ಕೊಮ್ಮೆ ಕಲಬುರಗಿಗೆ ಹೋಗಿ ಖ್ವಾಜಾ ಬಂದೇ ನವಾಜರ ಉರುಸಿನಲ್ಲಿ ಗಂಧ ನೋಡದಿದ್ದರೆ ಅವರಿಗೆ ಆ ವರ್ಷ ವರ್ಷವೇ ಅಲ್ಲ.

ಯಾರೂ ಯಾರಿಗೂ ಕೂತು ಪಾಠ ಹೇಳಲಿಲ್ಲ. ಪುರುಸೊತ್ತಾದರೂ ಎಲ್ಲಿದೆ? ಒಬ್ಬಳ ಮೂಗು ಒರೆಸುವಷ್ಟರಲ್ಲಿ ಇನ್ನೊಬ್ಬ ಗೋಡೆ ಮೇಲೆ ಬರೆದಿರುತ್ತಾನೆ. ಮೊಬೈಲಿನಲ್ಲಿ ಧರ್ಮದ ಚರ್ಚೆಗಳು ಬೇಕಾದಷ್ಟು ಬರುತ್ತವೆ, ನಿಮ್ಮ ಪುಸ್ತಕ ಸುಳ್ಳು, ನಮ್ಮ ಪುಸ್ತಕ ಸತ್ಯ ಎಂದು ಗಂಟೆಗಟ್ಟಲೆ ಕೂಗಾಡುವಂಥವು. ನನಗೆ ಅವುಗಳಿಂದ ಏನೂ ತಿಳಿದಿಲ್ಲ. ಕೈಯಲ್ಲಿ ಕೆಲಸವಿದ್ದಾಗ ಆ ಕೆಲಸದಿಂದಲೇ ಒಂದು ಪ್ರಶ್ನೆ ಏಳುತ್ತದಲ್ಲ, ಅದು ಬೇರೆ.

ಹಾಲಿನದ್ದೇ ಹೇಳುತ್ತೇನೆ. ಕೆಲವು ತಾಯಂದಿರು ಹಾಲು ತೆಗೆದು ಬಾಟಲಿಯಲ್ಲಿ ಕೊಟ್ಟು ಹೋಗುತ್ತಾರೆ. ಅದನ್ನು ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿ ಬೆಚ್ಚಗೆ ಮಾಡಿ ಕುಡಿಸಬೇಕು. ಪ್ರತಿ ಬಾಟಲಿಗೂ ಹೆಸರಿನ ಚೀಟಿ. ಒಂದು ದಿನ ಫ್ರಿಜ್ಜಿನ ತೇವಕ್ಕೆ ಎರಡು ಬಾಟಲಿಗಳ ಚೀಟಿ ಕಳಚಿ ತಳದಲ್ಲಿ ಬಿದ್ದಿದ್ದವು. ಎರಡೂ ಒಂದೇ ಕಂಪನಿಯ ಬಾಟಲಿ, ಒಂದೇ ಅಳತೆ. ಒಂದು ನರ್ಸ್ ಆಗಿರುವ ಮುಸ್ಲಿಂ ತಾಯಿಯದ್ದು, ಇನ್ನೊಂದು ಬ್ಯಾಂಕಿನಲ್ಲಿರುವ ಲಿಂಗಾಯತ ತಾಯಿಯದ್ದು. ಮಕ್ಕಳಿಬ್ಬರೂ ಹಸಿದು ಅಳುತ್ತಿದ್ದರು. ಗೊತ್ತಿಲ್ಲದ ಹಾಲು ಕೊಡಬಾರದು ಅನ್ನುವುದು ನಮ್ಮಲ್ಲಿ ನಿಯಮ, ಸೋಂಕಿನ ಭಯಕ್ಕೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಆಪಾ ಮುಖ ಮಾತ್ರ ಬಿಳುಚಿಕೊಂಡಿತ್ತು.

'ಟೀಚರ್, ಹಾಲು ಅದಲು ಬದಲಾದ್ರ ಇವರಿಬ್ರೂ ಅಣ್ಣ ತಂಗಿ ಆಗ್ತಾರ' ಎಂದರು.

ನಾನು ಮಾತಿಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಅದು ಕಾನೂನು. ಎರಡು ವರ್ಷದೊಳಗಿನ ಕೂಸು ಬೇರೆ ಹೆಂಗಸಿನ ಹಾಲು ಕುಡಿದರೆ ಅವಳು ತಾಯಿಯ ಲೆಕ್ಕಕ್ಕೆ ಬರುತ್ತಾಳೆ. ಅವಳ ಮಕ್ಕಳು ಒಡಹುಟ್ಟಿದವರ ಲೆಕ್ಕಕ್ಕೆ. ಮುಂದೆ ಅವರ ನಡುವೆ ಮದುವೆ ಆಗುವಂತಿಲ್ಲ. ಕುರಾನಿನ ನಾಲ್ಕನೇ ಅಧ್ಯಾಯದಲ್ಲಿ ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿ ಇದೆ. ಹೆತ್ತ ತಾಯಿ, ಮಗಳು, ಅಕ್ಕತಂಗಿಯರ ಜೊತೆಗೇ ಹಾಲು ಕುಡಿಸಿದ ತಾಯಿ, ಹಾಲು ಹಂಚಿಕೊಂಡ ಅಕ್ಕತಂಗಿ ಎಂದೂ ಇದೆ. ಎಷ್ಟು ಹಾಲು ಎಂಬುದರಲ್ಲಿ ಭೇದ ಇದೆಯಂತೆ. ನಮ್ಮ ಕಡೆ ಹೆಚ್ಚಿನವರು ಹನಫಿ ಎಂಬ ಕಾನೂನು ಪಂಥದವರು, ಅವರಿಗೆ ಗುಟುಕು ಹಾಲು ಹೊಟ್ಟೆಗೆ ಹೋದರೂ ಸಂಬಂಧ ಬಿತ್ತು. ಭಟ್ಕಳ, ಮಂಗಳೂರು ಕಡೆಯ ಶಾಫಿ ಪಂಥದವರಲ್ಲಿ ಐದು ಸಲ ಕುಡಿದಿರಬೇಕು. ಬಾಟಲಿಯಲ್ಲಿ ಕುಡಿಸಿದರೂ ಬಹಳ ಮಂದಿ ಆಲಿಮರ, ಅಂದರೆ ಧರ್ಮ ಪಂಡಿತರ, ಪ್ರಕಾರ ಅದೇ ಲೆಕ್ಕ.

ಖಾಲಾಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ. 'ಒಂದು ಕೂಸು ನಮ್ಮದು, ಒಂದು ಅವರದು. ಲಗ್ನದ ಮಾತು ಎಲ್ಲಿಂದ ಬರ್ತದ?' ಎಂದರು. ಆಪಾ ಒಪ್ಪಲಿಲ್ಲ. 'ಲಗ್ನ ಒಂದೇ ಏನ್ ಖಾಲಾ? ಸಂಬಂಧ ಅಂದ್ರ ಸಂಬಂಧ. ಅಕಿ ತಾಯಿ ಆದ್ಮ್ಯಾಲೆ ತಾಯಿನೇ.' ಪ್ರವಾದಿಯವರೇ ಹುಟ್ಟಿದ ಮೇಲೆ ಹಲೀಮಾ ಎಂಬ ಹಳ್ಳಿಯ ಹೆಂಗಸಿನ ಹಾಲು ಕುಡಿದು ಬೆಳೆದವರು ಎಂಬುದನ್ನು ನಾನು ಕೇಳಿದ್ದು ಅವತ್ತೇ. ಮೆಕ್ಕಾದ ಮನೆಗಳಲ್ಲಿ ಆಗ ಕೂಸುಗಳನ್ನು ಮರುಭೂಮಿಯ ದಾಯಿಗಳ ಹತ್ತಿರ ಕಳಿಸುವ ರೂಢಿ ಇತ್ತಂತೆ. ಅಂದರೆ ಸಂಬಳಕ್ಕೆ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು. ಒಂದು ಧರ್ಮದ ಕಥೆಯಲ್ಲಿ ನಮ್ಮಂಥವರಿಗೆ ಇಂಥ ಜಾಗ ಇದೆ ಎಂದು ಗೊತ್ತಾಗಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಎರಡೂ ಬಾಟಲಿಯ ಹಾಲು ಚೆಲ್ಲಿದೆವು. ತಾಯಂದಿರಿಗೆ ಫೋನ್ ಮಾಡಿ ಕೇಳಿ ಪುಡಿ ಹಾಲು ಕುಡಿಸಿದೆವು. ಅದರಲ್ಲಿ ಸಂಬಂಧದ ತಾಪತ್ರಯ ಇಲ್ಲ, ಅದು ಹಸುವಿನದ್ದು. 'ಆಕಳ ಹಾಲಿಗೂ ಇದ್ದಿದ್ರ ಬೀದರ್ ತುಂಬ ಎಲ್ಲ ಅಣ್ಣ ತಂಗ್ಯಾರೇ' ಎಂದು ಖಾಲಾ ನಕ್ಕರು. ಆಮೇಲೆ ಚೀಟಿ ಬಿಟ್ಟು ಬಾಟಲಿಗೇ ಮಾರ್ಕರಿನಲ್ಲಿ ಬರೆದು ಮೇಲೆ ಟೇಪ್ ಸುತ್ತುವ ಪದ್ಧತಿ ಬಂತು.

ಈ ವಿಷಯ ನನ್ನ ತಲೆಯಲ್ಲಿ ಬಹಳ ದಿನ ಓಡಿತು. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ತಾಯಿ ಹಾಲಿನ ಬ್ಯಾಂಕ್ ಶುರುವಾಯಿತು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅದು ಜೀವ ಉಳಿಸುವ ಕೆಲಸ. ಆದರೆ ಅಂಥ ಕಡೆ ಸಾಮಾನ್ಯವಾಗಿ ಹಲವು ತಾಯಂದಿರ ಹಾಲನ್ನು ಬೆರೆಸುತ್ತಾರೆ, ಯಾರ ಹಾಲು ಯಾರಿಗೆ ಹೋಯಿತು ಎಂಬುದು ಕುಟುಂಬಗಳಿಗೆ ತಿಳಿಯುವುದಿಲ್ಲ. ಇಂಥ ಬ್ಯಾಂಕುಗಳು ಬೇಡ ಎಂದು 1985ರಲ್ಲಿ ಇಸ್ಲಾಮಿಕ್ ಫಿಖ್ ಅಕಾಡೆಮಿ ಎಂಬ ಧರ್ಮಶಾಸ್ತ್ರ ಪಂಡಿತರ ಸಭೆ ಹೇಳಿತ್ತು. ಜೀವದ ಪ್ರಶ್ನೆ ಬಂದಾಗ ಕೊಡಬಹುದು ಎನ್ನುವ ಆಲಿಮರೂ ಇದ್ದಾರೆ. ಹೊರಗಿನಿಂದ ನೋಡಿದರೆ, ಹಾಲು ಕೊಟ್ಟರೆ ಬೇಡ ಅಂತಾರಲ್ಲ, ಎಂಥ ಜನ ಅನ್ನಿಸಬಹುದು. ಆಪಾ ಮುಖ ನೋಡಿದ ಮೇಲೆ ನನಗೆ ಹಾಗೆ ಅನ್ನಲಾಗುವುದಿಲ್ಲ. ಹಾಲಿಗೆ ಅಷ್ಟು ತೂಕ ಕೊಟ್ಟವರಿಗೆ ಮಾತ್ರ ಆ ಚಿಂತೆ ಬರುತ್ತದೆ.

ಇನ್ನು ನಮಾಜಿನದ್ದು. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿಗೇ ಜೋಹರ್ ನಮಾಜು ಬರುತ್ತದೆ. ಆಪಾ ತಮ್ಮ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಜೊತೆ ಒಗೆದ ಬಟ್ಟೆ ಇಟ್ಟಿರುತ್ತಾರೆ. ಮೊದಮೊದಲು ಇದೇನು ಶೋಕಿ ಎಂದು ನನಗೆ ಅನ್ನಿಸುತ್ತಿತ್ತು. ಕೂಸಿನ ಉಚ್ಚೆ ತಾಗಿದ ಬಟ್ಟೆಯಲ್ಲಿ ನಮಾಜು ಆಗುವುದಿಲ್ಲ. ನಮ್ಮ ಕೆಲಸದಲ್ಲಿ ಬೆಳಿಗ್ಗೆಯಿಂದ ಎಷ್ಟು ಸಲ ತಾಗಿರುತ್ತದೋ! ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಮಾಡುವ ವಜೂ ಡೈಪರ್ ಬದಲಿಸಿದ ಮಾತ್ರಕ್ಕೆ ಮುರಿಯುವುದಿಲ್ಲ, ತಾಗಿದ ಜಾಗ ತೊಳೆದರೆ ಸಾಕು, ಆದರೆ ಬಟ್ಟೆ ಶುಚಿ ಇರಬೇಕು. ಹಾಗಾಗಿ ಅವರು ದಿನವೂ ಬಟ್ಟೆ ಬದಲಿಸಿ, ವಜೂ ಮಾಡಿ, ಸ್ಟೋರ್ ರೂಮಿನ ಅಕ್ಕಿ ಮೂಟೆ ಪಕ್ಕ ಚಾಪೆ ಹಾಸಿಕೊಂಡು ನಿಲ್ಲುತ್ತಾರೆ. ಮುಗಿದ ಮೇಲೆ ಮತ್ತೆ ಹಳೇ ಬಟ್ಟೆ. ನಾನು ಪ್ರಾರ್ಥನೆ ಮಾಡುವುದು ಪಾತ್ರೆ ತೊಳೆಯುತ್ತಾ, ಮಕ್ಕಳನ್ನು ತಟ್ಟುತ್ತಾ. ದೇವರಿಗೆ ಬಟ್ಟೆ ಯಾಕೆ ಎಂದು ನಮ್ಮ ಕಡೆಯವರು ಕೇಳಿಯಾರು. ಆದರೆ ಭಾನುವಾರ ಚರ್ಚಿಗೆ ನಾವೂ ಒಳ್ಳೆ ಸೀರೆ ಉಟ್ಟುಕೊಂಡೇ ಹೋಗುತ್ತೇವೆ, ಅಲ್ವಾ?

ಒಂದು ಮಧ್ಯಾಹ್ನ ನಿದ್ದೆ ಬಾರದ ಹುಡುಗನೊಬ್ಬ ಎದ್ದು ಹೋಗಿ, ಸಜ್ದಾದಲ್ಲಿದ್ದ ಆಪಾ ಬೆನ್ನೇರಿ ಕೂತುಬಿಟ್ಟ. ನಾನು ಓಡಿದೆ. ಖಾಲಾ ಕೈ ಹಿಡಿದು ನಿಲ್ಲಿಸಿದರು. ಆಪಾ ಹಾಗೇ ಇದ್ದರು, ಹಣೆ ನೆಲಕ್ಕೆ ಹಚ್ಚಿಕೊಂಡು, ಅವನು ತಾನಾಗಿ ಇಳಿಯುವವರೆಗೂ. ಆಮೇಲೆ ಕಥೆ ಬಂತು. ಪ್ರವಾದಿಯವರ ಮೊಮ್ಮಗ ಹೀಗೇ ಬೆನ್ನೇರಿದಾಗ ಅವರು ಸಜ್ದಾವನ್ನೇ ಉದ್ದ ಮಾಡಿದರಂತೆ. ಹಿಂದೆ ನಿಂತವರು ಏನಾಯಿತೋ ಎಂದು ಗಾಬರಿಯಾದರಂತೆ. ಇನ್ನೊಮ್ಮೆ ಮಗಳ ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜು ಮಾಡಿದರು. ಸಜ್ದಾಕ್ಕೆ ಹೋಗುವಾಗ ಇಳಿಸುವುದು, ಎದ್ದಾಗ ಎತ್ತಿಕೊಳ್ಳುವುದು. ಹಿಂದೆ ಕೂಸು ಅಳುವುದು ಕೇಳಿಸಿದರೆ ತಾಯಿಗೆ ಕಷ್ಟವಾಗುತ್ತದೆಂದು ನಮಾಜನ್ನು ಚಿಕ್ಕದು ಮಾಡುತ್ತಿದ್ದರು. ನಾನು ಮಾರ್ಕನ ಸುವಾರ್ತೆಯ ಕಥೆ ಹೇಳಿದೆ. ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸಿದಾಗ ಯೇಸು ಶಿಷ್ಯರ ಮೇಲೇ ಸಿಟ್ಟಾಗಿ ಮಕ್ಕಳನ್ನು ಅಪ್ಪಿಕೊಂಡದ್ದು. ಖಾಲಾ ಕೇಳಿ, 'ನಮ್ಮ ಮಸೀದಿ ಹಿರಿಯರಿಗೆ ಎರಡೂ ಕಥಿ ಹೇಳಬೇಕು, ಪೋರಗೋಳು ಗದ್ದಲ ಮಾಡಿದ್ರ ಹೊರಗ ಹಾಕ್ತಾರ' ಎಂದರು. ನಮ್ಮ ಚರ್ಚಿನಲ್ಲೂ ಅಂಥವರಿದ್ದಾರೆ ಎಂದೆ.

ಡಿಸೆಂಬರಿನಲ್ಲಿ ರಟ್ಟಿನ ಡಬ್ಬ ಕತ್ತರಿಸಿ, ಹುಲ್ಲು ಹಾಸಿ ಗೋದಲಿ ಮಾಡಿದೆವು. ಆಪಾ ಬಂದು ನೋಡಿ, 'ಖಜೂರದ ಗಿಡ ಎಲ್ಲದ?' ಎಂದರು. ಕುರಾನಿನಲ್ಲಿ ಮರಿಯಳ ಹೆಸರಿನ ಅಧ್ಯಾಯವೇ ಒಂದಿದೆ, ಹತ್ತೊಂಬತ್ತನೆಯದು. ಇಡೀ ಕುರಾನಿನಲ್ಲಿ ಹೆಸರು ಹಿಡಿದು ಹೇಳಿದ ಹೆಂಗಸು ಅವಳೊಬ್ಬಳೇ. ಅಲ್ಲಿ ಛತ್ರ ಇಲ್ಲ, ಗೋದಲಿ ಇಲ್ಲ, ಯೋಸೇಫ ಇಲ್ಲ. ಹೆರಿಗೆ ನೋವಿನಲ್ಲಿ ಅವಳು ಒಬ್ಬಳೇ ಖರ್ಜೂರದ ಮರಕ್ಕೆ ಒರಗಿ, ಇದಕ್ಕಿಂತ ಮುಂಚೆ ಸತ್ತಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ಆಗ ದನಿಯೊಂದು ಕೇಳುತ್ತದೆ: ದುಃಖ ಪಡಬೇಡ, ಕಾಲ ಕೆಳಗೆ ನೀರು ಹರಿಯುತ್ತಿದೆ, ಮರ ಅಲ್ಲಾಡಿಸು, ಹಣ್ಣು ಬೀಳುತ್ತದೆ. ಊರಿನವರು ಬಾಯಿಗೆ ಬಂದಂತೆ ಅಂದಾಗ ತೊಟ್ಟಿಲಿನ ಕೂಸೇ ತಾಯಿಯ ಪರವಾಗಿ ಮಾತಾಡುತ್ತದೆ.

ಮೆಥೋಡಿಸ್ಟರಲ್ಲಿ ಮರಿಯಳು ಕ್ರಿಸ್ಮಸ್ಸಿಗೆ ಬಂದು ಹೋಗುವವಳು. ಅವಳ ನೋವಿನ ಬಗ್ಗೆ ನಾವು ಹಾಡಿದ್ದೇ ಇಲ್ಲ. ಲೂಕನ ಸುವಾರ್ತೆಯಲ್ಲಿ ಹೆತ್ತಳು, ಬಟ್ಟೆ ಸುತ್ತಿದಳು, ಮಲಗಿಸಿದಳು, ಮುಗಿಯಿತು. ಅವಳ ಬಾಲ್ಯದ ಕಥೆ ನಮ್ಮ ಬೈಬಲಿನಲ್ಲಿ ಇಲ್ಲವೇ ಇಲ್ಲ. ಕುರಾನಿನಲ್ಲಿದೆ. ಚಿಕ್ಕ ಮರಿಯಳನ್ನು ಯಾರು ನೋಡಿಕೊಳ್ಳಬೇಕು ಎಂದು ಹಿರಿಯರು ಲೇಖನಿಗಳನ್ನು ಎಸೆದು ಚೀಟಿ ಹಾಕಿದಂತೆ ನಿರ್ಧಾರ ಮಾಡುತ್ತಾರೆ. ಅವಳು ಜಕರೀಯನ ಪಾಲಿಗೆ ಬರುತ್ತಾಳೆ. ಅವನು ಒಳಗೆ ಹೋದಾಗಲೆಲ್ಲ ಅವಳ ಮುಂದೆ ಊಟ ಇರುತ್ತದೆ, ಎಲ್ಲಿಂದ ಬಂತು ಎಂದು ಕೇಳಿದರೆ ದೇವರ ಹತ್ತಿರದಿಂದ ಎನ್ನುತ್ತಾಳೆ. ಖರ್ಜೂರದ ಮರವನ್ನು ನಾವು ಗೋದಲಿಗೆ ಸೇರಿಸಲಿಲ್ಲ. ಅದು ಬೇರೆ ಕಥೆ, ಬೆರೆಸುವುದು ಬೇಡ ಎಂದು ಆಪಾನೇ ಹೇಳಿದರು. ನನಗೂ ಅದೇ ಸರಿ ಅನ್ನಿಸಿತು.

ಬೇರೆಯವರ ಮಗುವನ್ನು ಸಾಕುವ ಮಾತು ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ನನ್ನ ಸಂಬಂಧಿಕರಲ್ಲಿ ಮಕ್ಕಳಿಲ್ಲದ ಒಬ್ಬರು ದತ್ತು ಪಡೆಯಲು ಓಡಾಡುತ್ತಿದ್ದರು. ಇಸ್ಲಾಮಿನಲ್ಲಿ ಅನಾಥ ಮಗುವನ್ನು ಸಾಕುವುದು ಬಹಳ ದೊಡ್ಡ ಪುಣ್ಯ. ಪ್ರವಾದಿಯವರೇ ಯತೀಮ, ಹುಟ್ಟುವ ಮೊದಲೇ ತಂದೆ ಇಲ್ಲ, ಆರು ವರ್ಷಕ್ಕೆ ತಾಯಿ ಇಲ್ಲ. ಆದರೆ ಸಾಕಿದವರು ತಮ್ಮ ಹೆಸರನ್ನು ಆ ಮಗುವಿಗೆ ಅಪ್ಪನ ಹೆಸರಾಗಿ ಇಡುವಂತಿಲ್ಲ, ಹುಟ್ಟಿಸಿದವನ ಹೆಸರೇ ಇರಬೇಕು. ನನಗೆ ಇದು ಕಠಿಣ ಅನ್ನಿಸುತ್ತದೆ, ಈಗಲೂ. ಆಪಾ ಹೇಳುವುದು, ಮಗುವಿನ ಬೇರು ಅಳಿಸುವ ಹಕ್ಕು ನಮಗಿಲ್ಲ ಎಂದು. ತಮಾಷೆ ಎಂದರೆ, ದೇಶದ ಕಾನೂನಿನಲ್ಲಿ ನಾವಿಬ್ಬರೂ ಬಹಳ ವರ್ಷ ಒಂದೇ ಸಾಲಿನಲ್ಲಿದ್ದೆವು. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರೂ ಮುಸ್ಲಿಮರೂ 1890ರ ಕಾಯ್ದೆಯಲ್ಲಿ ಪೋಷಕರು ಅಂತ ಅನ್ನಿಸಿಕೊಳ್ಳಬಹುದಿತ್ತು ಅಷ್ಟೇ, ತಂದೆ ತಾಯಿ ಅಂತ ಅಲ್ಲ. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಯಾವ ಧರ್ಮದವರಾದರೂ ದತ್ತು ಪಡೆಯಬಹುದು ಎಂದಾಯಿತು, 2014ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು.

ಆಪಾ ಮತ್ತು ಖಾಲಾ ಇಬ್ಬರಿಗೂ ಎಷ್ಟೋ ವಿಷಯದಲ್ಲಿ ಸರಿಬರುವುದಿಲ್ಲ. ನನಗೆ ಜಾಸ್ತಿ ಕಲಿಸಿದ್ದು ಅದೇ. ಒಬ್ಬರೇ ಇದ್ದಿದ್ದರೆ ಅವರು ಹೇಳಿದ್ದೇ ಇಸ್ಲಾಂ ಎಂದುಕೊಂಡಿರುತ್ತಿದ್ದೆ. ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ರೂಢಿ ಹೈದರಾಬಾದ್ ಕಡೆಯಿಂದ ನಮ್ಮವರೆಗೂ ಇದೆ. ಹೊಸ ಬಟ್ಟೆ, ಹೂವಿನ ಹಾರ, ಮೊದಲ ಅಕ್ಷರ. ಖಾಲಾಗೆ ಅದು ಮದುವೆಯಷ್ಟೇ ದೊಡ್ಡದು. ಆಪಾ ಕೇಳುವುದು, ಇದು ಕುರಾನಿನಲ್ಲಿ ಎಲ್ಲಿದೆ, ಪ್ರವಾದಿಯವರ ನಡೆನುಡಿ ಹೇಳುವ ಹದೀಸಿನಲ್ಲಿ ಎಲ್ಲಿದೆ ಎಂದು. ದರ್ಗಾ ವಿಷಯ ಎತ್ತಿದರೆ ಇಬ್ಬರೂ ಅರ್ಧ ದಿನ ಮಾತು ಬಿಡುತ್ತಾರೆ.

ತಾವೀಜಿನ ವಿಷಯದಲ್ಲಿ ಮಾತ್ರ ನಮ್ಮ ಡೇ ಕೇರೇ ತೀರ್ಪು ಕೊಟ್ಟಿತು. ಮಲಗುವ ಕೂಸಿನ ಕೊರಳಲ್ಲಿ ದಾರ ಇರಬಾರದು, ಉಸಿರು ಕಟ್ಟುವ ಅಪಾಯ. ಹಾಗಾಗಿ ಮಧ್ಯಾಹ್ನ ಎಲ್ಲ ಬಿಚ್ಚಿ ಒಂದು ಸ್ಟೀಲ್ ಡಬ್ಬಿಯಲ್ಲಿ, ಹೆಸರು ಬರೆದ ಸಣ್ಣ ಸಣ್ಣ ಪೊಟ್ಟಣದಲ್ಲಿ ಇಡುತ್ತೇವೆ. ತಾಮ್ರದ ತಾವೀಜು, ಕರಿದಾರ, ಶಿಲುಬೆಯ ಸರ, ದೃಷ್ಟಿ ಮಣಿ. ಲಿಂಗ ಕಟ್ಟಿದ ಕೂಸಿನ ತಾಯಿ ಬಿಚ್ಚಲು ಒಪ್ಪಲಿಲ್ಲ. ಅದಕ್ಕೆ ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟುತ್ತೇವೆ. ಆಪಾ ತಾವೀಜು ನಂಬುವವರಲ್ಲ, ಆದರೆ ಸಂಜೆ ಮರಳಿ ಕಟ್ಟುವಾಗ ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ನೋಡುವವರು ಅವರೇ.

ಎಲ್ಲವೂ ಹೀಗೆ ನಗುನಗುತ್ತಾ ನಡೆದಿದೆ ಎಂದರೆ ಯಾರೂ ನಂಬಬೇಡಿ. ಊಟದ ಮುಂಚೆ ಖಾಲಾ ಗಟ್ಟಿಯಾಗಿ ಬಿಸ್ಮಿಲ್ಲಾ, ಅಂದರೆ ದೇವರ ಹೆಸರಿನಲ್ಲಿ, ಅನ್ನುತ್ತಿದ್ದರು. ಒಂದು ಮಗು ಮನೆಯಲ್ಲೂ ತುತ್ತಿಗೆ ಮುಂಚೆ ಹಾಗೇ ಅಂದಿತು. ಮರುದಿನ ತಂದೆ ಬಂದು ಬಾಗಿಲಲ್ಲೇ ನಿಂತು, ಇಲ್ಲಿ ಏನು ಕಲಿಸುತ್ತಿದ್ದೀರಿ ಎಂದು ಜೋರಾಗಿ ಕೇಳಿದರು. ಡೇ ಕೇರ್ ಮೇಡಂ ನಮ್ಮ ಮೂವರನ್ನೂ ಕೂರಿಸಿ ಹೇಳಿದರು: ಮಕ್ಕಳ ಮುಂದೆ ಯಾವ ದೇವರ ಹೆಸರೂ ಬೇಡ. ನಾನು ಹಾಡಿಸುತ್ತಿದ್ದ ಯೇಸುವಿನ ಹಾಡೂ ಅದರಲ್ಲಿ ಹೋಯಿತು, ಕ್ರಿಸ್ಮಸ್ಸಿನ ಗೋದಲಿಯೂ ಹೋಯಿತು. ನನಗೆ ಬೇಜಾರಾಯಿತು, ಆದರೆ ಮೇಡಂ ಹೇಳಿದ್ದು ನ್ಯಾಯ. ನಂಬಿ ಬಿಟ್ಟು ಹೋದ ಕೂಸಿನ ನಂಬಿಕೆ ತಂದೆ ತಾಯಿಗೆ ಬಿಟ್ಟದ್ದು. ಖಾಲಾ ಈಗ ತುಟಿ ಮಾತ್ರ ಅಲ್ಲಾಡಿಸುತ್ತಾರೆ. ಅವರಿಗೆ ನೋವಾದದ್ದು ನಿಯಮಕ್ಕಲ್ಲ, ಆ ತಂದೆ ಅವರ ಕಡೆ ನೋಡಿದ ರೀತಿಗೆ. ಆ ತಂದೆ ಬಿಟ್ಟು ಹೋದ ಕೂಸನ್ನು ಜ್ವರ ಬಂದಾಗ ಇಡೀ ದಿನ ಹೆಗಲ ಮೇಲೆ ಹಾಕಿಕೊಂಡವರು ಖಾಲಾನೇ.

2025ರಲ್ಲಿ ರಂಜಾನ್ ಮಾರ್ಚ್ 2ಕ್ಕೆ ಶುರುವಾಯಿತು, ಈಸ್ಟರ್‌ಗೆ ಮುಂಚಿನ ನಮ್ಮ ವ್ರತದ ಕಾಲ ಲೆಂಟ್ ಮಾರ್ಚ್ 5ಕ್ಕೆ. ಅವರ ಚಾಂದ್ರಮಾನದ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಹಾಗಾಗಿ ಇಂಥ ಕೂಡಿಕೆ ಪ್ರತಿ ವರ್ಷ ಬರುವುದಿಲ್ಲ. ನಾನು ಮಾಂಸ ಬಿಟ್ಟಿದ್ದೆ, ಚಹಾ ಬಿಟ್ಟಿದ್ದೆ, ಅದೇ ದೊಡ್ಡದು ಎಂದುಕೊಂಡಿದ್ದೆ. ಬೀದರ್ ಬಿಸಿಲಿನಲ್ಲಿ ನೀರೂ ಕುಡಿಯದೆ ಮೂವತ್ತು ಬಾಯಿಗೆ ತುತ್ತಿಡುವವರನ್ನು ಪಕ್ಕದಲ್ಲಿಟ್ಟುಕೊಂಡು ಚಹಾದ ಮಾತು ಎತ್ತಲು ನಾಚಿಕೆಯಾಯಿತು. ಗಂಜಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಲು ಖಾಲಾ ಚಮಚ ನನ್ನ ಕಡೆ ಚಾಚುತ್ತಿದ್ದರು. ನಾಲಿಗೆ ತುದಿಗೆ ಹಚ್ಚಿ ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಆಪಾ. ಅಂಥ ರಿಸ್ಕ್ ಯಾಕೆ, ಟೀಚರ್ ಇದ್ದಾರಲ್ಲ ಎಂದು ಖಾಲಾ. ಹಾಲುಣಿಸುವವರು, ಬಸುರಿಯರು ಬಿಟ್ಟು ಆಮೇಲೆ ತೀರಿಸಬಹುದು, ಮುಟ್ಟಾದವರು ಹಿಡಿಯುವಂತಿಲ್ಲ. ಬಿಟ್ಟ ರೋಜಾ ತೀರಿಸಬೇಕು, ಮುಟ್ಟಿನ ದಿನಗಳಲ್ಲಿ ಬಿಟ್ಟ ನಮಾಜು ತೀರಿಸಬೇಕಿಲ್ಲ. ಈ ಲೆಕ್ಕಾಚಾರ ಕೇಳಿದಾಗ ಇದು ಹೆಂಗಸರ ದಿನ ಹೇಗೆ ಸಾಗುತ್ತದೆ ಎಂದು ಬಲ್ಲ ಕಾನೂನು ಅನ್ನಿಸಿತು.

ಶಿಲುಬೆಯ ವಿಷಯಕ್ಕೆ ಬಂದರೆ ನಾವು ಅಲ್ಲಿಗೇ ನಿಲ್ಲುತ್ತೇವೆ. ಯೇಸುವನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ, ಹಾಗೆ ಕಂಡಿತು ಅಷ್ಟೇ ಎಂದು ಕುರಾನ್ ಹೇಳುತ್ತದೆ. ದೇವರಿಗೆ ಮಗ ಎಂಬ ಮಾತೂ ಅವರಿಗೆ ಸಲ್ಲದು. ನನಗೆ ಅವೆರಡೂ ಇಲ್ಲದಿದ್ದರೆ ಉಳಿಯುವುದೇ ಇಲ್ಲ. ಗುಡ್ ಫ್ರೈಡೇ ದಿನ ನಾನು ರಜೆ ಹಾಕಿದಾಗ ಆಪಾ ನನ್ನ ಪಾಳಿಯನ್ನೂ ಮಾಡಿದರು, ಆದರೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಎಲ್ಲ ಧರ್ಮವೂ ಒಂದೇ ಎಂದು ವೇದಿಕೆ ಮೇಲೆ ಹೇಳುತ್ತಾರಲ್ಲ, ಅದು ನಮಗಿಬ್ಬರಿಗೂ ಇಷ್ಟವಿಲ್ಲ.

ಈಚೆಗೆ ಪ್ರಶ್ನೆ ಕೇಳುವ ಸರದಿ ಅವರದ್ದು. ಅವರಲ್ಲಿ ಕೂಸು ಹುಟ್ಟಿದ ಕೂಡಲೇ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಏಳನೇ ದಿನ ಅಕೀಕಾ, ಅಂದರೆ ಕೂಸಿನ ಹೆಸರಿನಲ್ಲಿ ಕುರಿ ಕೊಯ್ಯುವುದು. ತಲೆ ಬೋಳಿಸಿ ಆ ಕೂದಲ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುತ್ತಾರೆ. ನಮ್ಮ ದೀಕ್ಷಾಸ್ನಾನದ ಬಗ್ಗೆ ಹೇಳಿದಾಗ ಖಾಲಾ, 'ಮಲಗಿದ ಕೂಸಿನ ತಲಿಗಿ ನೀರು ಹಾಕಿ ಅದರ ಪರ್ವಾಗಿ ನೀವೇ ಹೌದು ಅಂದ್ರ ಹ್ಯಾಂಗ?' ಎಂದರು. ಅದಕ್ಕೆ ಆಪಾ, ತಮ್ಮ ಓಣಿಯ ಪೆಂತೆಕೊಸ್ತಿನವರು ದೊಡ್ಡವರಾದ ಮೇಲೇ ಮುಳುಗಿಸುವುದು, ಕೂಸಿಗೆ ಮಾಡಿದ್ದು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ಯಾರದ್ದು ಸರಿ ಎಂದು ಕೇಳಿದರು. ನಮ್ಮ ಮನೆಯಲ್ಲೇ ಇದಕ್ಕೆ ಜಗಳ ಆಗಿದೆ, ನನ್ನ ತಮ್ಮ ಆ ಕಡೆ ಹೋಗಿ ಮತ್ತೆ ಮುಳುಗಿ ಬಂದಿದ್ದಾನೆ. ಅಮ್ಮ ಅವನ ಜೊತೆ ಆ ವಿಷಯ ಎತ್ತುವುದಿಲ್ಲ. ಪಾಸ್ಟರ್ ಅಯ್ಯನವರನ್ನು ಕೇಳಿದೆ. ಅವರು ದೇವರು ಅಬ್ರಹಾಮನ ಜೊತೆ ಮಾಡಿದ ಒಡಂಬಡಿಕೆಯಿಂದ ಶುರು ಮಾಡಿದರು, ಎಂಟನೇ ದಿನ ಕೂಸಿಗೇ ಮಾಡುವ ಸುನ್ನತಿಗೆ ಬಂದರು. ಇಬ್ರಾಹಿಂ ಎಂದ ಕೂಡಲೇ ಆಪಾ ಕಿವಿ ನೆಟ್ಟಗಾಗುತ್ತವೆ ಎಂದು ನನಗೆ ಗೊತ್ತು. ಸೋಮವಾರ ಬಾಟಲಿ ಕುದಿಸುವಾಗ ಹೇಳಬೇಕು.